ಸೋಲಿನ ಹೊಣೆ ಹೊರುವವರು

ಬ್ಯಾಡಗಿಯ ನಮ್ಮ ವಾಚಕರೊಬ್ಬರಿಂದ ಈ ತಿಂಗಳು ಒಂದು ದೀರ್ಘವಾದ ಪತ್ರವು ಬಂದಿರುವದು. ಅವರು ಮೆಣಸಿನಕಾಯಿಯ ದಲಾಲಿ ಅಂಗಡಿಯವರು. ಅವರ ಹಿರಿಯ ಮಗನು ವ್ಯಾಯಾಮ ಶಿಕ್ಷಣದ ಪದವಿಯನ್ನು ಪಡೆದು ಊರಿಗೆ ಮರಳಿ ಎರಡು ವರ್ಷಗಳಾದವು. ನಸುಕಿನಲ್ಲಿಯೇ ಎದ್ದು ಓಣಿಯ ಹುಡುಗರನ್ನು ಕಟ್ಟಿಕೊಂಡು ಬಯಲಿಗೆ ನಡೆಯುತ್ತಾನೆ. ಅವರಿಗೆ ಕಬಡ್ಡಿಯನ್ನು ಕಲಿಸುತ್ತಾನೆ. ಹತ್ತು ಗಂಟೆಗೆ ಅಂಗಡಿಗೆ ಬಂದು ಗಾದಿಯ ಮೇಲೆ ಕುಳಿತರೂ ಅವನ ಚಿತ್ತವು ಬಯಲಿನಲ್ಲಿಯೇ ಇರುವದು. ತಂಡಗಳಿಗೆ ತರಬೇತಿ ಕೊಡುವದನ್ನೇ ತನ್ನ ಕಸುಬಾಗಿ ಮಾಡಿಕೊಳ್ಳಬೇಕೆಂದು ಅವನ ಹಟ. ತಂದೆಯವರು ಬರೆಯುತ್ತಾರೆ: “ತಂಡ ಗೆದ್ದರೆ ಹುಡುಗರ ಕೊರಳಿಗೆ ಹಾರ, ಸೋತರೆ ಇವನಿಗೆ ಬೈಗಳು. ಇಂಥದೂ ಒಂದು ಬಾಳುವೆಯೇ? ತಾವು ನಾಲ್ಕು ಮಾತು ತಿಳಿಸಿ ಹೇಳಬೇಕು.”

ಈ ಪತ್ರಕ್ಕೆ ಎರಡು ಸಾಲಿನ ಉತ್ತರವನ್ನು ಬರೆದು ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ಈ ವಿಷಯದಲ್ಲಿ ನಮ್ಮ ತಲೆಯ ಮೇಲೆ ಒಂದು ಹಳೆಯ ಋಣವಿರುವದು. ಅದನ್ನು ಕೊನೆಯಲ್ಲಿ ಹೇಳುವೆವು. ಮೊದಲು, ವ್ಯಾಪಾರಸ್ಥರಾದ ಈ ನಮ್ಮ ಮಿತ್ರರಿಗೆ ಒಪ್ಪುವಂತೆ, ಈ ಕಸುಬಿನ ಕಿರ್ದಿ ಖತಾವಣಿಯನ್ನು ತೆರೆದು ನೋಡೋಣ. ಅದರಲ್ಲಿ ಜಮೆ ಎಷ್ಟು, ಖರ್ಚು ಎಷ್ಟು?

ಈ ಲೆಕ್ಕವು ಎಲ್ಲರ ಕಣ್ಣಿಗೂ ಬಯಲಾಗಿ ಕಾಣುವದು ಇಂಗ್ಲೆಂಡಿನ ಕಾಲ್ಚೆಂಡಾಟದಲ್ಲಿ. ಕಬಡ್ಡಿಯ ಪ್ರಶ್ನೆಗೆ ಫುಟ್‌ಬಾಲಿನ ಉತ್ತರವೇಕೆಂದು ವಾಚಕರು ಹುಬ್ಬು ಗಂಟಿಕ್ಕಬಾರದು. ಆ ದೇಶದಲ್ಲಿ ತಂಡದ ಮ್ಯಾನೇಜರಿಕೆಯು ನೂರು ವರ್ಷಗಳಿಗೂ ಮೀರಿ ನಡೆದು ಬಂದ ಕಸುಬಾಗಿರುವದು. ಅದರ ಏಳುಬೀಳುಗಳು ದಿನಪತ್ರಿಕೆಗಳಲ್ಲಿ ದಾಖಲಾಗಿರುವವು. ಮೇಲಾಗಿ, ಆ ಕಸುಬಿನ ಕೆಳಗಿನ ಮೆಟ್ಟಿಲುಗಳಲ್ಲಿ ಸವೆದ ಒಬ್ಬ ಮನುಷ್ಯನು ನಮ್ಮ ಕರ್ನಾಟಕಕ್ಕೇ ಬಂದು ಮೂರು ವರ್ಷ ದುಡಿದು ಹೋಗಿರುವನು.

ಇಂಗ್ಲೆಂಡಿನ ಲೀಗುಗಳ ವ್ಯವಸ್ಥೆಯು ಶಾಲೆಯ ತರಗತಿಗಳಂತೆ ಇರುವದು. ಎಲ್ಲಕ್ಕೂ ಮೇಲಿನ ತರಗತಿಯಲ್ಲಿ 20 ತಂಡಗಳು, ಅದರ ಕೆಳಗಿನ ಮೂರು ತರಗತಿಗಳಲ್ಲಿ 24ರಂತೆ 72, ಒಟ್ಟು 92. ಇವುಗಳ ಕೆಳಗೂ ಮತ್ತೆ ಮೆಟ್ಟಿಲುಗಳುಂಟು. ಪ್ರತಿ ವರ್ಷವೂ ಚೆನ್ನಾಗಿ ಆಡಿದ ಕೆಲವು ತಂಡಗಳು ಮೇಲಕ್ಕೆ ಏರುವವು. ಕಡೆಯಲ್ಲಿ ಉಳಿದವು ಕೆಳಕ್ಕೆ ಇಳಿಯುವವು. ಕೆಳಕ್ಕಿಳಿದರೆ ಬರಿಯ ಮಾನಹಾನಿಯಲ್ಲ. ಬರುವ ಹಣವು ಕಡಿಮೆಯಾಗುವದು, ಒಳ್ಳೆಯ ಆಟಗಾರರು ಬಿಟ್ಟುಹೋಗುವರು. ಆದಕಾರಣ ತಂಡವು ನಾಲ್ಕಾರು ಪಂದ್ಯಗಳನ್ನು ಸಾಲಾಗಿ ಸೋತಿತೆಂದರೆ ಮಾಲಿಕರಿಗೆ ದಿಗಿಲು. ಹನ್ನೊಂದು ಜನ ಆಟಗಾರರನ್ನು ಒಮ್ಮೆಗೇ ಬದಲಿಸಲು ಬರುವದಿಲ್ಲ, ಮ್ಯಾನೇಜರನು ಒಬ್ಬನೇ. ಅವನನ್ನು ಕಳಿಸಿಬಿಡುವದು ಸುಲಭ.

ಎಷ್ಟು ಸುಲಭವೆಂಬುದಕ್ಕೆ ಒಂದು ನಿದರ್ಶನ. 2007ನೆಯ ಇಸವಿಯ ಮೇ ತಿಂಗಳಲ್ಲಿ ಟಾರ್ಕೀ ಯುನೈಟೆಡ್ ಎಂಬ ಸಣ್ಣ ತಂಡಕ್ಕೆ ಲೆರಾಯ್ ರೊಸೀನಿಯರ್ ಎಂಬವರನ್ನು ಮ್ಯಾನೇಜರರನ್ನಾಗಿ ನೇಮಿಸಿ ಪತ್ರಿಕೆಯವರ ಮುಂದೆ ಪ್ರಕಟಿಸಿದರು. ಅದೇ ಹೊತ್ತಿಗೆ ತಂಡದ ಒಡೆತನವು ಬೇರೆಯವರ ಕೈಗೆ ಹೋಗಿ, ಸುಮಾರು ಹತ್ತು ನಿಮಿಷಗಳಲ್ಲಿ ಅವರ ಕೆಲಸವೇ ಮುಗಿದುಹೋಯಿತು. ಆಗ ಜಗತ್ತೆಲ್ಲ ನಕ್ಕಿತು. ಆದರೆ ಮನೆಯಲ್ಲಿ ಕಾಯುತ್ತಿರುವ ಹೆಂಡತಿ ಮಕ್ಕಳಿಗೆ ಆ ಸಂಜೆ ಹೇಗೆ ಮುಖ ತೋರಿಸಬೇಕೆಂಬುದನ್ನು ಗೃಹಸ್ಥರಾದ ನಾವು ಊಹಿಸಬಲ್ಲೆವು.

ಬ್ಯಾಡಗಿಯವರಿಗೆ ಈ ನೋವು ತಿಳಿಯದ್ದಲ್ಲ. ರೈತನು ಮಳೆಗಾಲದಲ್ಲಿ ಸಸಿ ಹಚ್ಚಿ, ಕಳೆ ಕಿತ್ತು, ರೋಗ ಕಾದು, ಹಣ್ಣು ಬಿಡಿಸಿ, ಬಿಸಿಲಿಗೆ ಹರವಿ, ಚೀಲ ತುಂಬಿ ಪೇಟೆಗೆ ತರುವಷ್ಟರಲ್ಲಿ ಆರೇಳು ತಿಂಗಳು ಕಳೆದಿರುವವು. ಖರೀದಿದಾರನು ರಾಶಿಯೊಳಗೆ ಕೈಯಾಡಿಸಿ, ಒಂದು ಕಾಯನ್ನು ಮುರಿದು ಬಣ್ಣ ನೋಡಿ, ಟೆಂಡರು ಬರೆಯುವನು. ಆರು ತಿಂಗಳ ಬಾಳಿಗೆ ಅರೆಗಳಿಗೆಯ ನ್ಯಾಯ! ತರಬೇತುದಾರನ ಬಾಳಿನಲ್ಲಿ ಇಂಥ ಪೇಟೆಯು ವಾರವಾರವೂ ನೆರೆಯುವದು. ಅಷ್ಟೇ ಭೇದ.

ಇನ್ನು ನಾವು ಹೇಳಹೊರಟ ಮನುಷ್ಯನ ಕಥೆ. ಅವರ ಹೆಸರು ಆಶ್ಲಿ ವೆಸ್ಟ್‌ವುಡ್. 1976ರಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತದ ಬ್ರಿಜ್‌ನಾರ್ತ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಜಗತ್ಪ್ರಸಿದ್ಧ ತಂಡದಲ್ಲಿ ಕಲಿಯುವ ಹುಡುಗನಾಗಿ ಸೇರಿದರು. ಆದರೆ ಆ ದೊಡ್ಡ ಮನೆಯಲ್ಲಿ ಅವರಿಗೆ ಎಲೆ ಹಾಕಲಿಲ್ಲ. 1995ರಲ್ಲಿ ಕ್ರೂ ಎಂಬ ಊರಿನ ಚಿಕ್ಕ ತಂಡಕ್ಕೆ ಹೋದರು, ಅಲ್ಲಿಂದ ಬ್ರ್ಯಾಡ್‌ಫರ್ಡ್, ಅಲ್ಲಿ ಕೆಲವೇ ಪಂದ್ಯಗಳ ಮಟ್ಟಿಗೆ ಮೇಲಿನ ತರಗತಿಯ ರುಚಿ ಸಿಕ್ಕಿತು, ಬಳಿಕ ಶೆಫೀಲ್ಡ್, ನಾರ್ಥ್ಯಾಂಪ್ಟನ್, ಚೆಸ್ಟರ್ ಎಂದು ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತ, ಕಡೆಗೆ 92 ತಂಡಗಳ ಎಣಿಕೆಯ ಹೊರಗೆ ನಿಂತ ಸ್ಟೀವನೇಜ್, ರೆಕ್ಸ್‌ಹ್ಯಾಮ್ ತಂಡಗಳಲ್ಲಿಯೂ ಆಡಿದರು. ಕಾವಲಿನ ಸ್ಥಾನದ ಆಟಗಾರ. ಗೋಲು ಹೊಡೆದು ಕುಣಿಯುವವನಲ್ಲ, ಗೋಲಾಗದಂತೆ ಅಡ್ಡ ನಿಲ್ಲುವವನು. ಅಂಥವರ ಹೆಸರು ತಪ್ಪು ಮಾಡಿದಾಗ ಮಾತ್ರ ಜನರ ಬಾಯಿಗೆ ಬರುವದು.

ಆಟ ಮುಗಿದ ಮೇಲೆ ಮೈಕಲ್ ಆ್ಯಪಲ್‌ಟನ್ ಎಂಬ ಮ್ಯಾನೇಜರರ ಕೈಕೆಳಗೆ ಸಹಾಯಕರಾದರು. ಮೊದಲು ಪೋರ್ಟ್ಸ್‌ಮತ್, ಅದು ಸಾಲದಲ್ಲಿ ಮುಳುಗಿದ ಮನೆ. ಬಳಿಕ ಬ್ಲ್ಯಾಕ್‌ಪೂಲ್. ಅಲ್ಲಿಂದ 2013ರ ಜನವರಿಯಲ್ಲಿ ಬ್ಲ್ಯಾಕ್‌ಬರ್ನ್. ಅಲ್ಲಿ ಗುರುವಿನ ಅಧಿಕಾರವು ನಡೆದದ್ದು 67 ದಿನಗಳು! ಮಾರ್ಚಿನಲ್ಲಿ ಅವರನ್ನು ಕಳಿಸಿದರು. ಗುರುವಿನೊಡನೆ ಸಹಾಯಕರೂ ಹೊರಬಿದ್ದರು. ಮೂವತ್ತಾರು ವರ್ಷದ ಮನುಷ್ಯ, ಕೈಯಲ್ಲಿ ಕೆಲಸವಿಲ್ಲ, ಸ್ವತಂತ್ರವಾಗಿ ಗೆದ್ದು ತೋರಿಸಿದ ದಾಖಲೆಯೂ ಇಲ್ಲ. ನಮ್ಮ ಬ್ಯಾಡಗಿಯ ಮಿತ್ರರು ಆ ದಿನ ಅವರ ಖಾತೆಯನ್ನು ನೋಡಿದ್ದರೆ ಬರಿಯ ಖರ್ಚನ್ನೇ ಕಾಣುತ್ತಿದ್ದರು.

ಆದರೆ ಖಾತೆಯಲ್ಲಿ ಕಾಣದ ಒಂದು ಜಮೆ ಅವರ ಬಳಿಯಲ್ಲಿ ಇತ್ತು. ಸಣ್ಣ ತಂಡಗಳಲ್ಲಿ ಸವೆದವನಿಗೆ ಇದ್ದುದರಲ್ಲಿ ಸಂಸಾರ ನಡೆಸುವ ವಿದ್ಯೆ ತಿಳಿದಿರುವದು. ಕೊಂಡು ತರಲು ಹಣವಿಲ್ಲದಾಗ ಇದ್ದ ಹುಡುಗನನ್ನೇ ತಿದ್ದಿ ಆಟಗಾರನನ್ನಾಗಿ ಮಾಡಬೇಕು. ಬೇರೆಯವರು ಬೇಡವೆಂದು ಬಿಟ್ಟವನಲ್ಲಿ ಏನು ಉಳಿದಿದೆಯೆಂದು ನೋಡಬೇಕು. ನಮ್ಮ ಮನೆಗಳಲ್ಲಿ ಹಿರಿಯ ಹೆಣ್ಣುಮಕ್ಕಳು ಬರಗಾಲದ ವರ್ಷ ಮಾಡುವ ಅಡಿಗೆಯಂಥ ವಿದ್ಯೆಯಿದು. ತುಂಬಿದ ಕಣಜದ ಮನೆಯಲ್ಲಿ ಇದನ್ನು ಕಲಿಯಲು ಬರುವದಿಲ್ಲ.

ಅದೇ 2013ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಒಂದು ಹೊಸ ತಂಡವು ಹುಟ್ಟಿತು. ಅದೇ ಬೆಂಗಳೂರು ಎಫ್‌ಸಿ. ಅದಕ್ಕೆ ಹಳೆಯ ಹೆಸರಿಲ್ಲ, ಹಳೆಯ ಅಭಿಮಾನಿಗಳಿಲ್ಲ. ವೆಸ್ಟ್‌ವುಡ್ಡರನ್ನು ಕರೆದು ಅದರ ಹೊಣೆಯನ್ನು ಒಪ್ಪಿಸಿದರು. ಸುನಿಲ್ ಛೇತ್ರಿಯವರು ನಾಯಕರು. ಹಿಂಬದಿಯ ಕಾವಲಿಗೆ ಜಾನ್ ಜಾನ್ಸನ್, ಕರ್ಟಿಸ್ ಒಸಾನೊ. ಇಬ್ಬರೂ ಇಂಗ್ಲೆಂಡಿನ ಕೆಳಗಿನ ಲೀಗುಗಳಲ್ಲಿ ಆಡಿ ಬಂದವರು. ಊಟ, ನಿದ್ರೆ, ಮೈಯ ಕಸುವು ಇವುಗಳ ವಿಷಯದಲ್ಲಿ ಹೊಸ ಶಿಕ್ಷಕರು ಬಲು ಬಿಗಿ. ನಮ್ಮ ಗರಡಿಮನೆಯ ಉಸ್ತಾದರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಿಕ್ಕಿಲ್ಲ. ಹುಡುಗನು ಏನು ತಿಂದ, ಎಷ್ಟು ಹೊತ್ತಿಗೆ ಮಲಗಿದ ಎಂಬುದನ್ನು ವಿಚಾರಿಸದೆ ಅವರು ಕೆಮ್ಮಣ್ಣಿಗೆ ಇಳಿಸುತ್ತಿರಲಿಲ್ಲ.

2013ರ ಸೆಪ್ಟೆಂಬರ 22ರಂದು ಬೆಂಗಳೂರಿನ ಫುಟ್‌ಬಾಲ್ ಮೈದಾನದಲ್ಲಿ ಈ ತಂಡವು ಕಲಕತ್ತೆಯ ಮೋಹನ್ ಬಾಗಾನ್ ಎಂಬ ಹಳೆಯ ಹುಲಿಯೊಡನೆ ತನ್ನ ಮೊದಲ ಪಂದ್ಯವನ್ನಾಡಿ, ಸರಿಸಮ ಮಾಡಿಕೊಂಡಿತು. ಮುಂದಿನ ಏಪ್ರಿಲಿನಲ್ಲಿ ಗೋವೆಯ ಡೆಂಪೊ ತಂಡವನ್ನು ಅದರ ನೆಲದಲ್ಲಿಯೇ 4-2ರಿಂದ ಸೋಲಿಸಿ, ಹುಟ್ಟಿದ ವರ್ಷವೇ ಐ-ಲೀಗ್ ಪ್ರಶಸ್ತಿಯನ್ನು ಎತ್ತಿತು. 2015ರ ಜನವರಿಯಲ್ಲಿ ಫೆಡರೇಶನ್ ಕಪ್ಪು. 2016ರಲ್ಲಿ ಮತ್ತೊಮ್ಮೆ ಐ-ಲೀಗ್.

ನಡುವೆ ಒಂದು ಸೋಲು ಉಂಟು. ಗೆಲುವುಗಳಿಗಿಂತ ಅದೇ ನಮ್ಮ ಮನಸ್ಸಿನಲ್ಲಿ ಉಳಿದಿರುವದು. 2015ರ ಮೇ 31. ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಲೀಗಿನ ಕಟ್ಟಕಡೆಯ ದಿನ. ಎದುರಿಗೆ ಅದೇ ಮೋಹನ್ ಬಾಗಾನ್. ಬೆಂಗಳೂರಿಗೆ ಗೆಲುವೇ ಬೇಕು. ಬಾಗಾನಿಗೆ ಸರಿಸಮವಾದರೂ ಸಾಕು. ಜಾನ್ಸನ್ನರು ಹೊಡೆದ ಒಂದು ಗೋಲಿನಿಂದ ಬೆಂಗಳೂರು ಮುಂದಿತ್ತು. ತೊಂಬತ್ತು ನಿಮಿಷಗಳ ಆಟದಲ್ಲಿ ಎಂಬತ್ತೇಳನೆಯ ನಿಮಿಷಕ್ಕೆ ಬಾಗಾನಿನ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಬಲೆಗೆ ತಳ್ಳಿದರು. ಪ್ರಶಸ್ತಿಯು ಕಲಕತ್ತೆಗೆ ಹೋಯಿತು. ಮೂರು ನಿಮಿಷಗಳು ತಾಳಿದ್ದರೆ ಅದೇ ಮನುಷ್ಯನನ್ನು ಜನರು ಹೊತ್ತು ಕುಣಿಯುತ್ತಿದ್ದರು. ಒಂಬತ್ತು ತಿಂಗಳ ದುಡಿತದಲ್ಲಿ ಆ ಮೂರು ನಿಮಿಷಗಳು ಏನನ್ನು ಬದಲಿಸಿದವು? ಶಿಕ್ಷಕನ ವಿದ್ಯೆಯನ್ನಂತೂ ಅಲ್ಲ. ಆ ತಂಡದ ಒಡೆಯರು ವೆಸ್ಟ್‌ವುಡ್ಡರನ್ನು ಕಳಿಸಲಿಲ್ಲ, ಇರಿಸಿಕೊಂಡರು. ಮರುವರ್ಷವೇ ಪ್ರಶಸ್ತಿಯು ತಿರುಗಿ ಬಂದಿತು.

2016ರ ಮೇ ತಿಂಗಳಲ್ಲಿ ಅವರು ಬೆಂಗಳೂರನ್ನು ಬಿಟ್ಟರು. ಬಿಡುವ ಮೊದಲು ತಂಡವನ್ನು ಏಶಿಯಾ ಖಂಡದ ಎಎಫ್‌ಸಿ ಕಪ್ಪಿನ ಕೊನೆಯ ಎಂಟು ತಂಡಗಳ ಸಾಲಿಗೆ ತಂದು ನಿಲ್ಲಿಸಿದ್ದರು. ಅದೇ ವರ್ಷದ ನವೆಂಬರದಲ್ಲಿ ತಂಡವು ದೋಹಾದಲ್ಲಿ ಅಂತಿಮ ಪಂದ್ಯವನ್ನಾಡಿ 1-0ರಿಂದ ಸೋತಾಗ ಗುರುವಿನ ಪೀಠದಲ್ಲಿ ಸ್ಪೇನ್ ದೇಶದ ಆಲ್ಬರ್ಟ್ ರೋಕಾ ಕುಳಿತಿದ್ದರು. ಒಬ್ಬನು ಬಿತ್ತುವನು, ಮತ್ತೊಬ್ಬನು ರಾಶಿ ಮಾಡುವನು. ಈ ಕಸುಬಿನ ಧರ್ಮವೇ ಹಾಗೆ. ರೋಕಾ ಅವರು ಯೋಗ್ಯರೇ ಸರಿ. ಆದರೆ ಹೊಲದ ಉಳುಮೆ ಯಾರದೆಂಬುದನ್ನು ಊರು ನೆನೆಯಬೇಕು.

ಮುಂದೆಯೂ ಅವರ ಹಾದಿ ಮೆತ್ತಗಾಗಲಿಲ್ಲ. ಮಲೇಶಿಯದ ಪೆನಾಂಗಿನಲ್ಲಿ ಬಹುಕಾಲ ನಿಲ್ಲಲಿಲ್ಲ. 2018ರಲ್ಲಿ ಕಲಕತ್ತೆಯ ತಂಡವೊಂದಕ್ಕೆ ಕೆಲವು ವಾರಗಳ ಹಂಗಾಮಿ ಶಿಕ್ಷಕರಾದರು. ಬಳಿಕ ಪಂಜಾಬಿನ ತಂಡ. 2023ರಲ್ಲಿ ಅಫಗಾನಿಸ್ತಾನದ ರಾಷ್ಟ್ರೀಯ ತಂಡಕ್ಕೆ ಹೋದರು.

2024ರ ಮಾರ್ಚ್ 26ರಂದು ಗುವಾಹಾಟಿಯಲ್ಲಿ ಆ ಅಫಗಾನ ತಂಡವು ಭಾರತದ ಎದುರಿಗೆ ಇಳಿಯಿತು. ಭಾರತದ ನಾಯಕರು ಅದೇ ಸುನಿಲ್ ಛೇತ್ರಿ. ದೇಶದ ಪರವಾಗಿ ಅದು ಅವರ 150ನೆಯ ಪಂದ್ಯ. ಮೊದಲ ಗೋಲನ್ನು ಶಿಷ್ಯರೇ ಹೊಡೆದರು. ಆದರೆ ಗುರುವಿನ ತಂಡವು ಎರಡು ಗೋಲುಗಳನ್ನು ತೀರಿಸಿ 2-1ರಿಂದ ಗೆದ್ದಿತು. ಅವರು 2024ರಲ್ಲಿಯೇ ಹಾಂಗ್‌ಕಾಂಗ್ ತಂಡಕ್ಕೆ ಹೋದರು. 2025ರ ಜೂನ್ 10ರಂದು ಆ ತಂಡವೂ ಭಾರತವನ್ನು ಕಡೆಯ ಗಳಿಗೆಯ ಒಂದು ಗೋಲಿನಿಂದ ಸೋಲಿಸಿತು. ನಮ್ಮವರು ಸೋತರೆಂದು ಹಾವೇರಿಯ ನಮ್ಮ ಮನೆಯ ಹುಡುಗರು ಊಟ ಬಿಟ್ಟು ಕುಳಿತರು. ನಮಗೂ ವ್ಯಸನವಾಯಿತು. ಆದರೂ, ಹನ್ನೆರಡು ವರ್ಷಗಳ ಹಿಂದೆ 67 ದಿನಗಳ ಪಗಾರ ಮುಗಿದು ಬೀದಿಗೆ ಬಿದ್ದಿದ್ದ ಮನುಷ್ಯನು ಇವನೇ ಅಲ್ಲವೇ ಎಂದು ನೆನೆದಾಗ, ಆ ವ್ಯಸನದ ಅಡಿಯಲ್ಲಿ ಒಂದು ಗೌರವವೂ ತಾನಾಗಿ ಮೂಡಿತು.

ಈಗ ನಮ್ಮ ಋಣದ ಮಾತು.

ಹಲವು ವರ್ಷಗಳ ಹಿಂದೆ ರಾಣೆಬೆನ್ನೂರಿನ ಒಂದು ಕಬಡ್ಡಿ ಮಂಡಳಿಯ ಕಮಿಟಿಯಲ್ಲಿ ನಮ್ಮ ಹೆಸರೂ ಇದ್ದಿತು. ಹುಡುಗರಿಗೆ ಆಟ ಕಲಿಸಲು ಒಬ್ಬ ತರುಣ ಮಾಸ್ತರರಿದ್ದರು. ಅವರಿಗೆ ಪಗಾರವಿಲ್ಲ, ಬಸ್ಸಿನ ಖರ್ಚು ಮತ್ತು ಹಬ್ಬಕ್ಕೊಂದು ಜೊತೆ ಬಟ್ಟೆ. ಎರಡು ವರ್ಷ ಅವರು ಮಳೆ ಚಳಿ ಎನ್ನದೆ ಬಂದು ದುಡಿದರು. ಎರಡನೆಯ ವರ್ಷದ ದಸರೆಯ ಪಂದ್ಯದಲ್ಲಿ ತಂಡವು ಎರಡೇ ಅಂಕಗಳಿಂದ ಸೋತಿತು. ಅಂದು ರಾತ್ರಿ ಕಮಿಟಿ ಕೂಡಿತು. ಮಂಡಕ್ಕಿ, ಮಿರ್ಚಿ ಭಜಿ, ಚಹಾ. ಕಾಲು ತಾಸಿನಲ್ಲಿ ಮಾಸ್ತರರನ್ನು ಬದಲಿಸಬೇಕೆಂದು ಠರಾವಾಯಿತು. ಕೈಯೆತ್ತಿದವರಲ್ಲಿ ನಾವೂ ಒಬ್ಬರು. ನಮಗೆ ಅವರ ಮೇಲೆ ಸಿಟ್ಟಿರಲಿಲ್ಲ; ಹಾವೇರಿಗೆ ಹೊರಡುವ ಗಾಡಿಯ ಹೊತ್ತಾಗಿತ್ತು, ಅಷ್ಟೆ.

ಮರುವರ್ಷ ಅದೇ ಹುಡುಗರು ಹೊಸ ಮಾಸ್ತರರ ಕೈಯಲ್ಲಿ ಢಾಲು ಗೆದ್ದರು. ಹಾರಗಳಾದವು, ಫೋಟೊ ಆಯಿತು. ಫೋಟೊದಲ್ಲಿ ಮುಂದಿನ ಸಾಲಿನ ಕುರ್ಚಿಯ ಮೇಲೆ ನಾವು ಕುಳಿತಿರುವೆವು. ಆಟ ಕಲಿಸಿದವರು ಅದರಲ್ಲಿಲ್ಲ.

ಬಹಳ ದಿನಗಳ ತರುವಾಯ ಒಂದು ಸಂಜೆ ರಾಣೆಬೆನ್ನೂರಿನ ಸ್ಟೇಶನ್ನಿನಲ್ಲಿ ಅವರು ಎದುರಾದರು. ನಾವು ತಲೆ ತಗ್ಗಿಸಿದೆವು. ಅವರೇ ಹತ್ತಿರ ಬಂದು ನಮಸ್ಕರಿಸಿದರು. ದೂರು ಹೇಳುವರೆಂದು ನಾವು ಕಾದೆವು. ಅವರು ಕೇಳಿದ್ದು ಒಂದೇ ಮಾತು: “ರೀ, ಆ ಎಡಗೈ ಹುಡುಗನ ಮೊಣಕಾಲು ಈಗ ಹ್ಯಾಂಗೈತ್ರಿ?” ನಮ್ಮ ಹತ್ತಿರ ಉತ್ತರವಿರಲಿಲ್ಲ. ಆ ಹುಡುಗನಿಗೆ ಮೊಣಕಾಲಿನ ನೋವಿತ್ತೆಂಬುದೇ ನಮಗೆ ಗೊತ್ತಿರಲಿಲ್ಲ. ಕಮಿಟಿಯಲ್ಲಿ ಕೈಯೆತ್ತಿದ ಏಳು ಜನರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಾಡಿ ಬಂದಿತು, ನಾವು ಹತ್ತಿದೆವು. ದೇವರಗುಡ್ಡ ದಾಟಿ ಬ್ಯಾಡಗಿ ಬರುವವರೆಗೂ ಆ ಪ್ರಶ್ನೆಯು ನಮ್ಮೊಡನೆಯೇ ಕುಳಿತಿತ್ತು.

ಈಗ ಬ್ಯಾಡಗಿಯ ನಮ್ಮ ಮಿತ್ರರಿಗೆ ಉತ್ತರ. ತಮ್ಮ ಮಗನ ಕಸುಬಿನಲ್ಲಿ ಹಣವು ಕಡಿಮೆ, ನಿಲುಗಡೆಯು ಅದಕ್ಕಿಂತ ಕಡಿಮೆ. ಇದನ್ನು ನಾವು ಮುಚ್ಚಿಡುವದಿಲ್ಲ. ಆದರೆ ಇದರಲ್ಲಿ ಕೀರ್ತಿಯೇ ಇಲ್ಲವೆಂದು ತಿಳಿಯಬೇಡಿರಿ. ಹಿರಿಯರು ಹುತುತು ಎನ್ನುತ್ತಿದ್ದ ಇದೇ ಆಟದಲ್ಲಿ, 2019ರಲ್ಲಿ ಬಂಗಾಲದ ತಂಡವೂ 2024ರಲ್ಲಿ ಪುಣೆಯ ತಂಡವೂ ಪ್ರೊ ಕಬಡ್ಡಿ ಲೀಗನ್ನು ಗೆದ್ದಾಗ ಆ ಎರಡೂ ತಂಡಗಳ ಗುರುಗಳು ಕನ್ನಡಿಗರಾದ ಬಿ. ಸಿ. ರಮೇಶ ಅವರು. ಆದರೆ ಅಂಥ ಒಬ್ಬರ ಹಿಂದೆ ಹೆಸರಿಲ್ಲದ ನೂರು ಮಾಸ್ತರರು ಊರೂರಿನ ಬಯಲುಗಳಲ್ಲಿ ಹುಡುಗರ ಮೊಣಕಾಲು ನೋಡುತ್ತ ನಿಂತಿರುವರು. ತಮ್ಮ ಮಗನು ಆ ಒಬ್ಬನಾಗದೆ ಆ ನೂರರಲ್ಲಿ ಒಬ್ಬನಾಗಬಹುದು. ಅದಕ್ಕೆ ಅವನೂ ತಾವೂ ಸಿದ್ಧರಿದ್ದರೆ ಅವನನ್ನು ತಡೆಯಬೇಡಿರಿ.

ಮೂರು ಮಾತುಗಳನ್ನು ಮಾತ್ರ ಹೇಳುವೆವು. ಒಂದು: ಅವನು ಅಂಗಡಿಯ ಲೆಕ್ಕವನ್ನು ಬಿಡದಿರಲಿ, ಮಧ್ಯಾಹ್ನದ ನಾಲ್ಕು ತಾಸು ಗಾದಿಯ ಮೇಲಿದ್ದರೆ ಮನೆಯ ಒಲೆಯು ಕಮಿಟಿಯ ಠರಾವನ್ನು ನಂಬಿ ಉರಿಯಬೇಕಾಗಿಲ್ಲ. ಎರಡು: ಯಾವ ಮಂಡಳಿಗೆ ಹೋದರೂ ಎಷ್ಟು ವರ್ಷದ ಕರಾರು, ಎಷ್ಟು ಸಂಬಳ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಲಿ, ವ್ಯಾಪಾರಸ್ಥನ ಮಗನಿಗೆ ಇದನ್ನು ಕಲಿಸಬೇಕಾದುದಿಲ್ಲ. ಮೂರು: ತಾವು ಒಂದು ದಿನ ನಸುಕಿನಲ್ಲಿ ಎದ್ದು ಆ ಬಯಲಿಗೆ ಹೋಗಿ ಬನ್ನಿರಿ. ಒಂದೂ ಮಾತನಾಡದೆ ಒಂದು ತಾಸು ನಿಂತು ನೋಡಿರಿ. ಮೆಣಸಿನಕಾಯಿಯ ಬಣ್ಣ ನೋಡಿ ಹೊಲವನ್ನು ಹೇಳಬಲ್ಲ ತಮ್ಮ ಕಣ್ಣಿಗೆ ಮಗನ ವಿದ್ಯೆಯ ಬಣ್ಣವೂ ತಿಳಿಯದೆ ಹೋಗದು.

ಉಳಿದ ವಾಚಕರಿಗೂ ಒಂದು ಬಿನ್ನಹವುಂಟು. ಒಂದು ಪರೀಕ್ಷೆಯಲ್ಲಿ ಮಗುವಿಗೆ ಅಂಕ ಕಡಿಮೆ ಬಂದರೆ ಮನೆಪಾಠದ ಮಾಸ್ತರರನ್ನು ಬಿಡಿಸುವೆವು. ಸಂಗೀತ ಹೇಳಿಕೊಡುವ ಬಾಯಿಯವರನ್ನು ಆರು ತಿಂಗಳಿಗೊಮ್ಮೆ ಬದಲಿಸುವೆವು. ಹಾಗೆ ಮಾಡುವ ಮೊದಲು ಅವರನ್ನು ಕೂಡಿಸಿ, ಒಂದು ಬಟ್ಟಲು ಚಹಾ ಕೊಟ್ಟು, ನಮ್ಮ ಮಗುವಿನ ವಿಷಯವಾಗಿ ಅವರಿಗೆ ಏನೇನು ಗೊತ್ತಿದೆಯೆಂದು ಕೇಳಿರಿ. ನಮಗೆ ಗೊತ್ತಿಲ್ಲದ ಒಂದು ಸಂಗತಿಯಾದರೂ ಅವರ ಬಾಯಿಂದ ಹೊರಟರೆ, ಆ ವರ್ಷ ಅವರನ್ನು ಬಿಡಿಸಬೇಡಿರಿ.

ನಾವು ಆ ರಾತ್ರಿ ಅಷ್ಟನ್ನು ಕೇಳಿದ್ದರೆ ಸಾಕಾಗಿತ್ತು. ಗಾಡಿ ತಪ್ಪಿದ್ದರೆ ಮತ್ತೊಂದು ಬರುತ್ತಿತ್ತು.